ಪಟ್ಟಿಯ ಹೆಸರುಗಳು

ಪಕ್ಷದ ಅಧ್ಯಕ್ಷ ಮುತ್ತಣ್ಣ ಕರಪತ್ರದ ಹಿಂಬದಿಯಲ್ಲಿ ಮೊದಲು ತನ್ನ ಹೆಸರನ್ನೇ ಬರೆದದ್ದನ್ನು ಮೈಲಾರಿ ಕಂಡ.

ರೋಣದ ಕಚೇರಿಯಲ್ಲಿ ಬೆಳಗಿನಿಂದ ಒಂದೇ ವಾದ. ಗೆದ್ದವನಿಗಷ್ಟೇ ಸೀಟು ಎನ್ನುವುದು ಹೋಗಿ, ಬಿದ್ದ ಮತದಷ್ಟು ಪಾಲು ಪಾರ್ಲಿಮೆಂಟಿನಲ್ಲಿ ಪ್ರತಿ ಪಕ್ಷಕ್ಕೂ ಸಿಗಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಮೈಲಾರಿಯೇ. ಪಕ್ಷಕ್ಕಾಗಿ ಮೂರು ಸಲ ನಿಂತು ಸೋತವನು ಅವನು.

"ನೀ ಹೇಳೂದು ಖರೇ ಐತಿ ತಮ್ಮಾ," ಎಂದ ಮುತ್ತಣ್ಣ. "ಆದ್ರ ಆವಾಗ ಪಕ್ಷದವರು ಒಂದು ಪಟ್ಟಿ ಕೊಡಬೇಕಾಕೈತಿ. ಮ್ಯಾಲ ಇದ್ದವರಿಗೆ ಮೊದಲ ಸೀಟು." ಎರಡನೆಯ ಹೆಸರು ಅವನ ಸೊಸೆಯದು, ಮೂರನೆಯದು ಬೀಗರದು. ಮೈಲಾರಿ ಹಾಳೆಯ ತಳದವರೆಗೂ ಕಣ್ಣಾಡಿಸಿದ; ತನ್ನ ಹೆಸರು ಎಲ್ಲೂ ಇರಲಿಲ್ಲ.

"ಅಣ್ಣಾರ, ಸೋಲೂ ಸೀಟಿಗೆ ಮೂರೂ ಸಲ ನನ್ನ ಹೆಸರನ ಬರದಿದ್ರಿ."

ಮುತ್ತಣ್ಣ ಹಾಳೆ ಮಡಚಿ ಕಿಸೆಗಿಟ್ಟುಕೊಂಡ. "ಚಹಾ ಆರಾಕತ್ತೈತಿ, ಲಗೂ ಕುಡಿ."