ದಿನಕ್ಕೆ ಹತ್ತು ಹನಿ

ಸೈಕ್ಲಿಂಗ್ ಹಾಸ್ಟೆಲ್ಲಿನ ಕೋಚ್ ವಾರಕ್ಕೊಂದರಂತೆ ನೀಲವ್ವನಿಗೆ ಕೊಡುತ್ತಿದ್ದ ಸೀಸೆ ಏಳು ಸಮುದ್ರ ದಾಟಿ ಬಂದದ್ದು. ದಿನಕ್ಕೆ ಹತ್ತು ಹನಿ ಕುಡಿದರೆ ಕಾಲಿಗೆ ರೆಕ್ಕೆ ಮೂಡುತ್ತದೆ ಎಂದು ಅವರು ಹೇಳಿದ್ದರು. ಸೀಸೆಯ ಮೇಲಿನ ಚೀಟಿ ಮಾತ್ರ ಬೇರೆಯೇ ಹೇಳುತ್ತಿತ್ತು: ಸಂಶೋಧನೆಗೆ ಮಾತ್ರ, ಮನುಷ್ಯರು ಸೇವಿಸಬಾರದು.

ಇವತ್ತು ನೀಲವ್ವ ಹೊಸ ಸೀಸೆಯನ್ನು ಅವರ ಮೇಜಿನ ಮೇಲೆ ವಾಪಸ್ ಇಟ್ಟಳು.

"ನನಗ ಬ್ಯಾಡ್ರಿ ಸರ್. ಹೋದ ವರ್ಷ ನಮ್ಮ ಹಾಸ್ಟೆಲ್ಲಿನ ರೇಷ್ಮಾ ಇದನ್ನ ಕುಡದು ಲಿವರ್ ಬಾತು ಮನೀಗೆ ಹೋದ್ಲು. ಆಕೀ ದನಿ ಇನ್ನೂ ಗಂಡಸಿನಂಗ ಐತಿ."

"ಡಾಕ್ಟರ್ ಆಗೀಯೇನ ನೀನು? ಮೂರು ತಿಂಗಳಿಂದ ಕುಡದೂ ಒಂದು ಸೆಕೆಂಡ್ ಜಲ್ದಿ ಬಂದಿಲ್ಲ. ಎಮ್ಮಿ ಸೈಕಲ್ ಹತ್ತಿದಂಗ ಹೋಗ್ತಿ."

"ಇದು ಅಷ್ಟು ಚಲೋ ಇದ್ರ ಪಲ್ಲವಿಗೆ ಯಾಕ ಕೊಡಂಗಿಲ್ರಿ?"

ಪಲ್ಲವಿ ಕೋಚ್ ಅವರ ಒಬ್ಬಳೇ ಮಗಳು, ನೀಲವ್ವನ ಜೊತೆಗೇ ಸೈಕಲ್ ತುಳಿಯುವವಳು.

"ನನ್ನ ಮಗಳ ಬಾಯಾಗ ಇಂಥಾ ವಿಷ ಹಾಕ್ತೀನೇನ?" ಕೋಚ್ ನಕ್ಕರು. "ಆಕೀಗೆ ಬೇಕಾಗಿಲ್ಲ ಇದು. ಮೂರು ತಿಂಗಳದಾಗ ಹನ್ನೊಂದು ಸೆಕೆಂಡ್ ಕಡಿಮಿ ಮಾಡ್ಯಾಳ, ನೋಡಿಲ್ಲೇನ? ಅದು ರಕ್ತದಾಗ ಬರಬೇಕು. ನಿನ್ನಂಥಾಕಿಗೆ ಸೀಸೆ ಬೇಕು. ಕುಡಿ, ಇಲ್ಲಾಂದ್ರ ಹಾಸ್ಟೆಲ್ ಖಾಲಿ ಮಾಡು."

ನೀಲವ್ವ ಬಟ್ಟೆಬರೆ ಕಟ್ಟಿಕೊಂಡೇ ಬಂದಿದ್ದಳು. ಬಾಗಿಲ ಬಳಿ ಇಟ್ಟಿದ್ದ ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಪಲ್ಲವೀನ್ನ ದವಾಖಾನಿಗೆ ಕರಕೊಂಡು ಹೋಗ್ರಿ ಸರ್," ಎಂದಳು. "ಮೂರು ತಿಂಗಳಿಂದ ನನ್ನ ಹನಿ ಎಲ್ಲಾ ಆಕೀ ನೀರಿನ ಬಾಟ್ಲಿಗೇ ಹಾಕೀನಿ."