ಮೇಜಿನಡಿಯ ಕಾಲು

“ನಿಮಗೇನು ಬಿಡಿ, ರಿಸರ್ವೇಶನ್ ಉಂಟು. ಲಾ ಕಾಲೇಜು ಬಾಗಿಲು ತೆಗ್ದೇ ಕಾಯ್ತದೆ,” ಎಂದು ನಗುತ್ತ ಮನೋಹರ್ ಇನ್ನೊಂದು ಕೋಳಿ ತುಂಡು ಬಡಿಸಿಕೊಂಡರು. ಊಟಕ್ಕೆ ಕರೆದಿದ್ದ ಸೌದಾಳ ಗಂಡ ಫೈಝಲ್‌ಗೆ ಸೌದಿಯ ಕಂಪನಿಯಲ್ಲಿ ಅವರೇ ಮ್ಯಾನೇಜರ್. ಅಲ್ಲಿ ವಾಸಿಸಲು ಬೇಕಾದ ಅವನ ಪರವಾನಗಿ, ಇಕಾಮಾ, ಈ ಸಲ ನವೀಕರಣವಾಗುವುದು ಅವರ ಒಂದು ಮಾತಿನ ಮೇಲೆ ನಿಂತಿತ್ತು.

ಸೌದಾಳ ಮಗಳು ಫಿದಾ ತಲೆಯೆತ್ತಿದಳು. “ನಿಮ್ಮ ರೋಹನ್‌ದೂ ಅದೇ ಕಾಲೇಜಲ್ವಾ, ಅಂಕಲ್? ಅವನಿಗೆ ಯಾವ ಸೀಟು?”

“ಎನ್ನಾರೈ ಕೋಟಾ. ಅದು ಬೇರೆ, ಮಗಾ.”

ಮನೋಹರ್ ಮಗ ರೋಹನ್‌ನ ರ‍್ಯಾಂಕು ಫಿದಾಳಿಗಿಂತ ಬಹಳ ಕೆಳಗಿತ್ತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಫೈಝಲ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅತಿಥಿಗಳೆದುರು ಮಗಳ ಬಾಯಿ ಮುಚ್ಚಿಸಲು ಯಾವಾಗಲೂ ಮಾಡುವಂತೆ, ಸೌದಾ ಮೇಜಿನಡಿ ಅವಳ ಪಾದವನ್ನು ಆಗಲೇ ಮೆಟ್ಟಿ ಹಿಡಿದಿದ್ದಳು.

ಈಗ ಕಾಲನ್ನು ಹಿಂದಕ್ಕೆಳೆದುಕೊಂಡಳು.

“ಹೇಗೆ ಬೇರೆ ಅಂತ ಕೇಳು, ಮಗಳೇ.”