ಚಿಲಕ ಹಾಕಿದ ಮೇಲೆ

ಕಾಲ್ಡರ್ ಬಂದವನು ಗುಡ್ ಮಾರ್ನಿಂಗ್ ಅನ್ನಲಿಲ್ಲ. ಕ್ಯಾರಿಯಾಕೂ ದ್ವೀಪದಲ್ಲಿ ಜಗಳಕ್ಕೆ ಬಂದವನೂ ಮೊದಲು ಗುಡ್ ಮಾರ್ನಿಂಗ್ ಹೇಳಿ, ಆಮೇಲೆ ತೋಳೇರಿಸುವುದು. ಹಾಗಾಗಿ ಶಾಲೆಯ ಅಂಗಳದಲ್ಲಿ ಒಲೆ ಹೂಡಿ, ಕೊಪ್ಪರಿಗೆಯಲ್ಲಿ ಮೆಕ್ಕೆಜೋಳದ ಹಿಟ್ಟು ಮಗುಚುತ್ತಿದ್ದ ಜೆಲ್ಮಾ ಟೀಚರ್‌ಗೆ ಅವನ ಮುಖ ಸರಿಯಾಗಿ ನೋಡುವ ಮೊದಲೇ ಅವನು ಬಂದದ್ದು ಯಾಕೆಂದು ಗೊತ್ತಾಯಿತು. ಇವನು ಬರದಿರಲಿ, ಬರದಿರಲಿ ಎಂದೇ ಅವಳು ಮೂರು ವಾರದಿಂದ ಬೇಡಿಕೊಳ್ಳುತ್ತಿದ್ದದ್ದು.

ಚಂಡಮಾರುತ ಬಂದಾಗ ಅವನು ಟ್ರಿನಿಡಾಡ್‌ನಲ್ಲಿ ಹಡಗಿನ ಕೆಲಸದಲ್ಲಿದ್ದ. ಹೆಂಡತಿ ಒರೀನಾಳ ಹೆಣ ಎರಡು ದಿನದ ಮೇಲೆ ಕಡಲಂಚಿನ ಪೊದೆಗಳ ನಡುವೆ ಸಿಕ್ಕಿತು. ದೋಣಿಗಳೆಲ್ಲ ಮುರಿದು ಬಿದ್ದಿದ್ದರಿಂದ ಅವಳನ್ನು ಮಣ್ಣು ಮಾಡುವಾಗಲೂ ಅವನಿಗೆ ಬರಲಾಗಲಿಲ್ಲ. ಈಗ ಬಂದಿದ್ದಾನೆ. ಮಧ್ಯಾಹ್ನದ ದೋಣಿಗೇ ವಾಪಸು ಹೋಗುತ್ತಾನಂತೆ.

"ಕೂತ್ಕೋ ಕಾಲ್ಡರ್. ಎರಡು ತುತ್ತು ತಿನ್ನು."

"ತಿನ್ನೋಕೆ ಬಂದಿಲ್ಲ ಟೀಚರ್. ಒಂದೇ ಒಂದು ಮಾತು ಕೇಳೋಕೆ ಬಂದೆ. ಅವತ್ತು ಊರೋರೆಲ್ಲ ಈ ಶಾಲೆ ಒಳಗಿದ್ರಿ. ಬಾಗಿಲ ಚಿಲಕ ನಿಮ್ಮ ಕೈಲಿತ್ತು. ಒರೀನಾ ಬಂದು ಬಾಗಿಲು ಬಡಿದಳಾ?"

ಮಾಡಿನ ಮೇಲೆ ಹತ್ತಾರು ಸುತ್ತಿಗೆಗಳು ಹೊಸ ತಗಡಿಗೆ ಮೊಳೆ ಹೊಡೆಯುತ್ತಿದ್ದವು. ಅವತ್ತು ಒಳಗಿದ್ದ ನಲವತ್ತೊಂದು ಜನರಲ್ಲಿ ಮೈಯಲ್ಲಿ ಕಸುವಿದ್ದವರೆಲ್ಲ ಈಗ ಮೇಲೆ ಕೂತಿದ್ದರು. ಗಾಳಿ ಎದ್ದ ಮೇಲೆ ಬಾಗಿಲು ತೆಗೆಯಬಾರದು, ತೆಗೆದರೆ ಅದು ಒಳನುಗ್ಗಿ ಮಾಡನ್ನೇ ಎತ್ತಿಕೊಂಡು ಹೋಗುತ್ತದೆ. ಆ ದ್ವೀಪದಲ್ಲಿ ಹಲ್ಲು ಬಾರದ ಕೂಸಿಗೂ ಇದು ಗೊತ್ತು. ಜೆಲ್ಮಾಳಿಗೂ ಗೊತ್ತಿತ್ತು. "ಟೀಚರ್, ನಾನು ಒರೀನಾ" ಎಂಬ ದನಿ ಕೇಳಿದ ಮೇಲೂ ಅವಳು ಚಿಲಕಕ್ಕೆ ಬೆನ್ನು ಕೊಟ್ಟು ನಿಂತೇ ಇದ್ದಳು. "ಸ್ತೋತ್ರ ಇನ್ನೂ ಜೋರಾಗಿ ಹಾಡ್ರೋ" ಎಂದು ಕೂಗಿದ್ದಳು. ಎಲ್ಲರೂ ಗಂಟಲು ಹರಿಯುವಂತೆ ಹಾಡಿದ್ದರು. ಆ ಗದ್ದಲದಲ್ಲಿ ಬಾಗಿಲ ಬಡಿತ ತನ್ನ ಬೆನ್ನಿಗೆ ಮಾತ್ರ ತಾಗಿದ್ದು, ಬೇರೆ ಯಾರಿಗೂ ಕೇಳಿಸಿಲ್ಲ ಎಂದೇ ಅವಳು ನಂಬಿದ್ದಳು. ಇಷ್ಟೆಲ್ಲ ಮಾಡಿಯೂ, ಗಾಳಿ ನಿಲ್ಲುವಷ್ಟರಲ್ಲಿ ಅರ್ಧ ಮಾಡು ಹಾರಿಹೋಗಿತ್ತು.

"ಇಲ್ಲಪ್ಪ. ಯಾರೂ ಬಡೀಲಿಲ್ಲ."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಬಡಿದಿದ್ರೆ ನಂಗೆ ಕೇಳಿಸ್ತಿರಲಿಲ್ವೇನೋ?" ಅವಳು ಅವನತ್ತ ನೋಡದೆ ಮಗುಚುತ್ತಲೇ ಇದ್ದಳು. ಆದರೂ ಕೈ ಎಲ್ಲೋ ತಪ್ಪಿರಬೇಕು. "ಟೀಚರ್, ತಳ ಹತ್ತಿದ ವಾಸನೆ ಬರ್ತಿದೆ! ಇವತ್ತೂ ಕರಕಲೇನಾ ನಮಗೆ?" ಎಂದು ಸಿಮಿಯನ್ ಅಜ್ಜ ಮಾಡಿನ ಮೇಲಿಂದ ಕೂಗಿದ. ಪಕ್ಕದವರು ನಕ್ಕರು.

ಕಾಲ್ಡರ್ ಕಿರುಚಾಡುತ್ತಾನೆ, ಕೊಪ್ಪರಿಗೆ ಒದೆಯುತ್ತಾನೆ ಎಂದು ಅವಳು ಕಾದಿದ್ದಳು. ಅವನು ಮರಳಿನ ಮೂಟೆಯ ಮೇಲೆ ಕುಸಿದು ಕುಳಿತ.

"ಹಾಗಾದ್ರೆ ಅವಳನ್ನ ಕೊಂದೋನು ನಾನೇ. ಬೆಳಿಗ್ಗೆ ಫೋನ್ ಮಾಡಿದ್ಲು ಟೀಚರ್. 'ಎಲ್ಲಾರೂ ಶಾಲೆಗೆ ಹೋಗ್ತಿದಾರೆ, ನಾನೂ ಹೋಗ್ಲಾ' ಅಂದ್ಲು. 'ನನ್ನ ಕೈಯಾರೆ ಕಟ್ಟಿದ ಮನೆ ಮೇಲೆ ನಂಬಿಕೆ ಇಲ್ವಾ ನಿಂಗೆ? ಹೊಸಲು ದಾಟಿದ್ರೆ ಮತ್ತೆ ಒಳಗೆ ಬರಬೇಡ' ಅಂದೆ. ಹನ್ನೊಂದು ವರ್ಷದಲ್ಲಿ ಒಂದು ದಿನ ನನ್ನ ಮಾತು ಕೇಳಿದೋಳಲ್ಲ. ಅವತ್ತು ಕೇಳಿದ್ಲು ನೋಡಿ. ಬಡೀಲಿಲ್ಲ ಅಂದ್ರೆ, ಕೇಳಿದ್ಲು ಅಂತ್ಲೇ ತಾನೇ?"

ಅವನು ಎದ್ದು ಟೋಪಿ ತೆಗೆದ. "ತಪ್ಪು ಟೀಚರ್‌ದೇ ಆಗಿರಲಿ ದೇವರೇ ಅಂತ ದಾರಿ ಉದ್ದಕ್ಕೂ ಬೇಡ್ಕೊಂಡು ಬಂದೆ. ಕ್ಷಮಿಸಿಬಿಡಿ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಜೆಲ್ಮಾಳ ಪಾಲಿನ ದೊಣ್ಣೆ ತಪ್ಪಿತ್ತು. ಅವನು ದೋಣಿ ಹತ್ತಿಬಿಟ್ಟರೆ ಇನ್ನು ಈ ಜನ್ಮದಲ್ಲಿ ಕೇಳುವವರಿಲ್ಲ. ಅವನು ಗೇಟಿನತ್ತ ನಡೆದ. ಮಗ್ಗಿ ತಪ್ಪಿದಾಗ ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡ ಹುಡುಗ, ಹಿಂದಿನಿಂದ ನೋಡಿದರೆ ಮುದುಕನ ಹಾಗೆ ಕಾಣುತ್ತಿದ್ದ. ಅವನಿಗೆ ನಲವತ್ತೂ ತುಂಬಿಲ್ಲ. ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಕಾಲ್ಡರ್! ನಿಲ್ಲೋ!"

ಸುತ್ತಿಗೆಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅವಳು ಸೌಟು ಬಿಸಾಕಿ, ಶಾಲೆಯಲ್ಲಿ ಕೂಗುವ ದನಿಯಲ್ಲೇ ಕೂಗಿದಳು. "ಅವಳು ನಿನ್ನ ಮಾತು ಕೇಳಲಿಲ್ಲ ಕಣೋ! ಬಂದಿದ್ಲು! ಟೀಚರ್, ಟೀಚರ್ ಅಂತ ಕೂಗಿದ್ಲು. ಏಳು ಸಲ ಬಡಿದ್ಲು. ನನಗೊಬ್ಬಳಿಗೇ ಕೇಳಿಸಿದ್ದು. ನಾನೇ ತೆಗೀಲಿಲ್ಲ."

ಕಾಲ್ಡರ್ ತಿರುಗಿದ. ಮುಷ್ಟಿ ಬಿಗಿದಿತ್ತು, ಕಣ್ಣು ತುಂಬಿ ಹರಿಯುತ್ತಿತ್ತು. "ಬಂದಿದ್ಲಾ?" ಎಂದ. "ಬಂದಿದ್ಲಾ?" ಎನ್ನುತ್ತ ಒಂದೊಂದೇ ಹೆಜ್ಜೆ ಅವಳತ್ತ ಇಟ್ಟ. ಅವಳು ಹಿಂದೆ ಸರಿಯಲಿಲ್ಲ.

ಮಾಡಿನ ಮೇಲೆ ಸುತ್ತಿಗೆಗಳು ಒಂದೊಂದಾಗಿ ನಿಂತವು. ಯಾರೂ ಕೆಳಗೆ ನೋಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಿಮಿಯನ್ ಅಜ್ಜ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ.

"ಏಳಲ್ಲ ಟೀಚರ್," ಎಂದ. "ಒಂಬತ್ತು."